ಮೂರು ತಿಂಗಳು ಕಾಯಬೇಕಿದ್ದ ಸಭೆ

ಮೇ 6, 2025, ಮಂಗಳವಾರ

1889ರ ಇದೇ ದಿನ ಪ್ರಿಟೋರಿಯಾದ ಚರ್ಚ್ ಸ್ಕ್ವೇರ್‌ನಲ್ಲಿ ಅಧ್ಯಕ್ಷ ಪಾಲ್ ಕ್ರೂಗರ್ ಹೊಸ ರಾಡ್‌ಸಾಲ್‌ಗೆ, ಅಂದರೆ ಸಭಾಭವನಕ್ಕೆ, ಅಡಿಗಲ್ಲು ಹಾಕಿದರು. ನಕ್ಷೆ ಸಿಟ್ಸೆ ವಿಯರ್ಡಾ ಅವರದು. ಕೆಲಸ ಮುಗಿದದ್ದು 1891ರಲ್ಲಿ. ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್‌ನಲ್ಲಿ ಬೋಯರ್‌ಗಳು, ಅಂದರೆ ಡಚ್ ಮೂಲದ ಬಿಳಿಯರು, ಕಟ್ಟಿದ ಗಣರಾಜ್ಯದ ಸಂಸತ್ತಾದ ಫೋಲ್ಕ್ಸ್‌ರಾಡ್ ಕೂತದ್ದು ಅಲ್ಲಿ. ಕಟ್ಟಡ ಇಂದಿಗೂ ಇದೆ.

ಆ ಸಭೆ ಕಾನೂನು ಮಾಡುತ್ತಿದ್ದ ರೀತಿಯನ್ನೇ ಇವತ್ತು ಬರೆದಿಡಬೇಕು. ದಕ್ಷಿಣ ಆಫ್ರಿಕಾದ ಭಾರತೀಯರ ಚರಿತ್ರೆ ಓದುವವರು ಎಡವುವುದು ಹೆಚ್ಚಾಗಿ ಇಲ್ಲೇ.

1858ರ ಗ್ರೋಂಡ್‌ವೆಟ್, ಅಂದರೆ ಸಂವಿಧಾನ, ಫೋಲ್ಕ್ಸ್‌ರಾಡನ್ನೇ ದೇಶದ ಪರಮಾಧಿಕಾರ ಎಂದಿತು. ಜೊತೆಗೇ ಒಂದು ಕಡಿವಾಣವನ್ನೂ ಹಾಕಿತು: ಯಾವುದೇ ಕಾನೂನಿನ ಬಗ್ಗೆ ಅಭಿಪ್ರಾಯ ಹೇಳಲು ಜನರಿಗೆ ಮೂರು ತಿಂಗಳ ಕಾಲಾವಕಾಶ ಕೊಡಬೇಕು. ಕರಡು ಸರ್ಕಾರಿ ಗೆಜೆಟ್ ಆದ ಸ್ಟಾಟ್ಸ್‌ಕೂರಂಟ್‌ನಲ್ಲಿ ಅಚ್ಚಾಗುತ್ತಿತ್ತು, ದೂರದ ಹೊಲಮನೆಗಳ ರೈತರೂ ಸಹಿ ಹಾಕಿ ಮನವಿ ಕಳಿಸಬಹುದಿತ್ತು. ಹೀಗೆ ಬಂದದ್ದು ‘ವೆಟ್’, ಅಂದರೆ ಕಾನೂನು. ಒಳ್ಳೆಯ ಕ್ರಮವೇ. ಆದರೆ ‘ಜನ’ ಎಂದರೆ ಬಿಳಿಯ ಗಂಡಸರು ಮಾತ್ರ. ಚರ್ಚಿನಲ್ಲಾಗಲಿ ರಾಜ್ಯದಲ್ಲಾಗಲಿ ಕರಿಯರಿಗೆ ಸಮಾನತೆ ಇಲ್ಲ ಎಂದು ಅದೇ ಸಂವಿಧಾನ ಬಾಯಿಬಿಟ್ಟು ಹೇಳಿತ್ತು. ಇದನ್ನು ಮರೆತು ಆ ಸಭೆಯನ್ನು ಹೊಗಳಲಾಗದು.

ಕಡಿವಾಣದಲ್ಲೊಂದು ಸಡಿಲ ಗಂಟೂ ಇತ್ತು: ‘ತಡಮಾಡಲಾಗದ ಕಾನೂನುಗಳ ಹೊರತು’. ಈ ಮಾತಿನ ಬೆನ್ನಿಗೆ ಬೆಳೆದದ್ದು ‘ಬೆಸ್ಲಾಯ್ಟ್’, ಅಂದರೆ ಸಭೆಯ ಬರಿಯ ನಿರ್ಣಯ. ಪ್ರಕಟಣೆ ಬೇಡ, ಕಾಯುವುದು ಬೇಡ, ಬಹುಮತ ಬಿದ್ದರೆ ಸಾಕು. ತುರ್ತಿಗೆಂದು ಇಟ್ಟ ದಾರಿ ದಿನನಿತ್ಯದ ದಾರಿಯಾಯಿತು.

ಎರಡನ್ನೂ ಗುರುತಿಸುವುದು ಸುಲಭ. ಸಂಖ್ಯೆ ಮತ್ತು ಇಸವಿ ಇದ್ದರೆ ವೆಟ್: ‘1885ರ 3ನೇ ಕಾನೂನು’. ಕಲಮಿನ ಸಂಖ್ಯೆಯೂ ಪೂರ್ತಿ ತಾರೀಖೂ ಇದ್ದರೆ ಬೆಸ್ಲಾಯ್ಟ್: ‘ಕಲಮು 1419, 12 ಆಗಸ್ಟ್ 1886’.

ಈ ಎರಡು ಉದಾಹರಣೆ ಬೇಕೆಂದೇ ಆರಿಸಿದ್ದು. 1885ರ 3ನೇ ಕಾನೂನು ಏಷ್ಯಾದವರ ಮೇಲೆ ಮಾಡಿದ್ದು. ವ್ಯಾಪಾರಕ್ಕೆ ಬಂದು ನೆಲೆಸುವವರು ಎಂಟು ದಿನದೊಳಗೆ ನೋಂದಣಿ ಮಾಡಿಸಿ 25 ಪೌಂಡ್ ಕಟ್ಟಬೇಕು. ಪೌರತ್ವವಿಲ್ಲ, ಸ್ಥಿರಾಸ್ತಿ ಇಲ್ಲ. ಮರುವರ್ಷದ ಬೆಸ್ಲಾಯ್ಟ್ ಶುಲ್ಕವನ್ನು 3 ಪೌಂಡಿಗೆ ಇಳಿಸಿತು, ಗೊತ್ತುಮಾಡಿದ ಬೀದಿ-ಕೇರಿಗಳಲ್ಲಿ ಮಾತ್ರ ಆಸ್ತಿಗೆ ಒಪ್ಪಿತು, ‘ನೈರ್ಮಲ್ಯದ ಕಾರಣಕ್ಕಾಗಿ’ ಅವರು ಅಲ್ಲೇ ವಾಸಿಸಬೇಕು ಎಂಬ ಮಾತನ್ನು ಸೇರಿಸಿತು. ಮೂರು ಪೌಂಡ್ 1885ರದ್ದೇ ಎಂದು ಬರೆಯುವುದು ತಪ್ಪು. 1893ರಲ್ಲಿ ಗಾಂಧಿ ಪ್ರಿಟೋರಿಯಾಕ್ಕೆ ಬಂದಾಗ ಜಾರಿಯಲ್ಲಿದ್ದದ್ದು ಈ ತಿದ್ದಿದ ರೂಪ.

1890ರಲ್ಲಿ ಸಭೆ ಎರಡಾಯಿತು. ಚಿನ್ನದ ಗಣಿಗೆ ಬಂದ ಬಿಳಿಯ ಪರದೇಶಿಗಳು, ಅಂದರೆ ಔಟ್‌ಲ್ಯಾಂಡರ್‌ಗಳು, ಎರಡು ವರ್ಷದ ವಾಸದ ನಂತರ ಪೌರರಾಗಿ ಎರಡನೆಯ ಫೋಲ್ಕ್ಸ್‌ರಾಡ್‌ಗೆ ಮತ ಹಾಕಬಹುದಿತ್ತು. ಮೊದಲನೆಯದಕ್ಕೆ ಹಾಕಲು 14 ವರ್ಷ. ಎರಡನೆಯದಕ್ಕೆ ಗಣಿ, ರಸ್ತೆ, ಅಂಚೆಯಂಥ ವಿಷಯಗಳು. ಅಲ್ಲಿ ಆದದ್ದನ್ನು ತಳ್ಳಿಹಾಕುವ ಅಧಿಕಾರ ಮೊದಲನೆಯದಕ್ಕೆ. ಔಟ್‌ಲ್ಯಾಂಡರ್‌ಗಳಿಗೆ ಇದು ಸಾಲಲಿಲ್ಲ.

ಬೆಸ್ಲಾಯ್ಟ್ ಸಿಕ್ಕಿಬಿದ್ದದ್ದು ಗಣಿ ವ್ಯಾಜ್ಯದಲ್ಲೇ. ವಿಟ್‌ಫಾಂಟೇನ್ ಹೊಲವನ್ನು 1895ರ ಜುಲೈಯಲ್ಲಿ ಚಿನ್ನ ಅಗೆಯುವವರಿಗೆ ತೆರೆಯುವುದೆಂದು ಘೋಷಣೆಯಾಗಿತ್ತು. ನಿಯಮದಂತೆ ಮೊದಲು ಗೂಟ ಹೊಡೆದವನದ್ದೇ ಜಾಗ. ನೂಕುನುಗ್ಗಲಿಗೆ ಹೆದರಿದ ಸರ್ಕಾರ ಘೋಷಣೆ ಹಿಂತೆಗೆದು ಚೀಟಿ ಎತ್ತಿ ಹಂಚಲು ಹೊರಟಿತು; ಸಭೆ ನಿರ್ಣಯ ಮಾಡಿ ಅದಕ್ಕೆ ಮುದ್ರೆ ಒತ್ತಿತು. 1,200 ಜಾಗಗಳಿಗೆ ಪರವಾನಗಿ ಕೇಳಿದ್ದ ಅಮೆರಿಕದ ಎಂಜಿನಿಯರ್ ಬ್ರೌನ್ ದಾವೆ ಹೂಡಿದರು. ಬರಿಯ ನಿರ್ಣಯದಿಂದ ಕಾನೂನನ್ನು ಬದಲಿಸಲಾಗದು, ಅದನ್ನು ಸಂವಿಧಾನಕ್ಕೆ ಒರೆಹಚ್ಚುವ ಹಕ್ಕು ನ್ಯಾಯಾಲಯಕ್ಕಿದೆ ಎಂದು 1897ರ ಜನವರಿಯಲ್ಲಿ ಮುಖ್ಯ ನ್ಯಾಯಮೂರ್ತಿ ಕೋಟ್ಸೆ ತೀರ್ಪಿತ್ತರು. 1884ರಲ್ಲಿ ಬೆಸ್ಲಾಯ್ಟನ್ನು ಎತ್ತಿಹಿಡಿದಿದ್ದವರೂ ಇದೇ ಕೋಟ್ಸೆ. ತಮ್ಮ ಹಿಂದಿನ ಮಾತನ್ನು ತಾವೇ ತಿದ್ದಿಕೊಂಡದ್ದು ದೊಡ್ಡತನ ಎಂದೇ ನಾನು ಎಣಿಸುತ್ತೇನೆ.

ಸಭೆಯ ಉತ್ತರ ವಾರಗಳಲ್ಲೇ ಬಂತು. 1897ರ 1ನೇ ಕಾನೂನು ಆ ಹಕ್ಕನ್ನು ಅಲ್ಲಗಳೆದು, ಒಪ್ಪದ ನ್ಯಾಯಾಧೀಶರನ್ನು ವಜಾ ಮಾಡುವ ಅಧಿಕಾರವನ್ನು ಅಧ್ಯಕ್ಷರಿಗೆ ಕೊಟ್ಟಿತು. 1898ರ ಫೆಬ್ರವರಿಯಲ್ಲಿ ಕೋಟ್ಸೆ ವಜಾ ಆದರು.

ಅದೇ 1898ರಲ್ಲಿ ಭಾರತೀಯ ವ್ಯಾಪಾರಿ ತಯ್ಯಬ್ ಹಾಜಿ ಖಾನ್ ಮಹಮ್ಮದ್ ಅವರ ಮೊಕದ್ದಮೆ ಬಂತು. 1886ರ ಆ ‘ವಾಸ’ ಎಂಬ ಪದದಲ್ಲಿ ಅಂಗಡಿಯೂ ಸೇರುತ್ತದೆ, ವ್ಯಾಪಾರವೂ ಕೇರಿಯೊಳಗೇ ಆಗಬೇಕು ಎಂದು ಕೋರ್ಟು ಹೇಳಿತು. ಬ್ರಿಟಿಷರೊಡನೆ ನಡೆದ ಯುದ್ಧ ಮುಗಿದು 1902ರಲ್ಲಿ ಫೋಲ್ಕ್ಸ್‌ರಾಡ್ ಇಲ್ಲವಾಯಿತು. 3ನೇ ಕಾನೂನನ್ನು ಬ್ರಿಟಿಷರು ಹಾಗೇ ಇಟ್ಟುಕೊಂಡರು. 1904ರಲ್ಲಿ ಹಬೀಬ್ ಮೋಟನ್ ಹೂಡಿದ ಮೊಕದ್ದಮೆಯಲ್ಲಿ ಹೊಸ ಕೋರ್ಟು ಅದೇ ಪದವನ್ನು ಮತ್ತೆ ಓದಿತು: ವಾಸ ಎಂದರೆ ವಾಸ, ಅಂಗಡಿ ಅದರಲ್ಲಿ ಸೇರದು.