ತುಂಗೆ ಜೊತೆ ಹೊರಟು ಕಡಲ ಕಡೆಗೆ

ಶಿವಮೊಗ್ಗದಿಂದ ಕಡಲಿಗೆ ಸೈಕಲ್ ತುಳಿಯುವುದಾದರೆ ನನಗೆ ತೀರ್ಥಹಳ್ಳಿ ದಾರಿಯೇ ಇಷ್ಟ. ಗಾಜನೂರು, ಸಕ್ರೆಬೈಲು, ಮಂಡಗದ್ದೆ, ಹೀಗೆ ತುಂಗೆ ಆಗಾಗ ಪಕ್ಕಕ್ಕೆ ಬರುತ್ತಾಳೆ. ಮಳೆಗಾಲವಾದರೆ ಮಂಡಗದ್ದೆಯಲ್ಲಿ ಇಳಿದು ಹೊಳೆ ನಡುವಿನ ಮರಗಳಲ್ಲಿ ಗೂಡು ಕಟ್ಟಿದ ಬೆಳ್ಳಕ್ಕಿ ನೋಡಲೇಬೇಕು.

ಆಮೇಲೆ ಅಡಿಕೆ ತೋಟ, ಗದ್ದೆ, ಏರು, ಇಳಿಜಾರು. ಆಗುಂಬೆಯಿಂದ ಸೋಮೇಶ್ವರಕ್ಕೆ 14 ತಿರುವಿನ ಘಾಟಿ. ಬ್ರೇಕನ್ನು ಒಂದೇ ಸಮ ಒತ್ತಿ ಹಿಡಿದರೆ ರಿಮ್ ಕಾದುಬಿಡುತ್ತದೆ. ಬಿಟ್ಟು ಬಿಟ್ಟು ಹಿಡಿಯಬೇಕು, ತಿರುವಿಗೆ ಮೊದಲೇ ವೇಗ ಇಳಿಸಬೇಕು. ಹೆಬ್ರಿ ಹತ್ತಿರ ಬಂದರೆ ಗಾಳಿಯೇ ಬೇರೆ, ಬೆವರು ಆರುವುದೇ ಇಲ್ಲ. ಘಟ್ಟದ ಮೇಲೆ, ಘಟ್ಟದ ಕೆಳಗೆ ಅಂತ ಸುಮ್ನೆ ಹೇಳುತ್ತೇವೆ. ಆ ವ್ಯತ್ಯಾಸ ಮೈಗೆ ಗೊತ್ತಾಗುವುದು ಸೈಕಲ್ ಮೇಲೆ ಹೋದಾಗಲೇ ಅಲ್ವಾ?

ಮುಂದೆ ಮಾಸ್ತಿಕಟ್ಟೆಯಿಂದ ಹುಲಿಕಲ್ ಘಾಟಿಯಲ್ಲಿ ಹೊಸಂಗಡಿಗೆ ಇಳಿಯುವ ಆಸೆ. ಇತ್ತೀಚೆಗೆ ಹೋದವರು ಯಾರಾದರೂ ಇದ್ದರೆ ರಸ್ತೆ ಹೇಗಿದೆ ಹೇಳಿ.