1780ರ ನಾಣ್ಯ ಅಂದ್ರೆ ಲಕ್ಷ ಬಾಳುತ್ತಾ?

ಮನೆಗೆ ಬಂದವರ ಮುಂದೆ ನಾಣ್ಯದ ಡಬ್ಬಿ ತೆರೆದರೆ ಎಲ್ಲರ ಕೈಯೂ ಮೊದಲು ಹೋಗುವುದು ಒಂದಕ್ಕೇ. ದಪ್ಪನೆಯ ಬೆಳ್ಳಿ ನಾಣ್ಯ, ಮೇಲೆ ಮುಸುಕು ಹೊದ್ದ ತುಂಬುಗೆನ್ನೆಯ ಹೆಂಗಸು. ತಿರುಗಿಸಿ ನೋಡಿ, ಇಸವಿ ಓದಿ, ಕಣ್ಣರಳಿಸಿ ಕೇಳುತ್ತಾರೆ: “1780! ಲಕ್ಷಗಟ್ಟಲೆ ಬಾಳುತ್ತೆ, ಅಲ್ವಾ?”

ಇಲ್ಲ. ಅದರೊಳಗಿನ ಬೆಳ್ಳಿಗಿಂತ ಸ್ವಲ್ಪ ಜಾಸ್ತಿ ಸಿಕ್ಕರೆ ಅದೇ ದೊಡ್ಡದು. ಆಕೆ ಆಸ್ಟ್ರಿಯಾದ ರಾಣಿ ಮರಿಯಾ ತೆರೇಸಾ. ಆಕೆ ತೀರಿಕೊಂಡದ್ದು 1780ರಲ್ಲಿ. ನಾಣ್ಯವನ್ನು ಮಾತ್ರ ಅದೇ ಮುಖ, ಅದೇ ಇಸವಿ ಇಟ್ಟುಕೊಂಡು ಇವತ್ತಿಗೂ ಅಚ್ಚು ಹಾಕುತ್ತಿದ್ದಾರೆ.

ಇದರ ಹೆಸರು ಟಾಲರ್. ಬೊಹೀಮಿಯಾದ (ಈಗಿನ ಚೆಕ್ ದೇಶದ ಭಾಗ) ಯೋಆಖಿಮ್ಸ್‌ಟಾಲ್ ಎಂಬ ಕಣಿವೆಯೂರಿನಲ್ಲಿ ಬೆಳ್ಳಿ ಗಣಿ ಸಿಕ್ಕಿ, 1520ರ ಸುಮಾರಿಗೆ ಅಲ್ಲಿ ದೊಡ್ಡ ನಾಣ್ಯಗಳು ತಯಾರಾದವು. ಊರಿನ ಹೆಸರಿನ ಬಾಲವೇ ನಾಣ್ಯದ ಹೆಸರಾಯಿತು. ಈಗಿನ ಡಾಲರ್ ಕೂಡ ಅದರದ್ದೇ ಮರಿ.

ಸತ್ತ ರಾಣಿಯ ನಾಣ್ಯ ಯಾಕೆ ನಿಲ್ಲಲಿಲ್ಲ? ಅದು ವಿಯೆನ್ನಾಕ್ಕಿಂತ ಯೆಮೆನ್, ಇಥಿಯೋಪಿಯಾಗಳ ಸಂತೆಗಳಲ್ಲಿ ಜಾಸ್ತಿ ಓಡುತ್ತಿತ್ತು. ಯೆಮೆನ್‌ನ ಬಂದರು ಮೋಖಾದ ಕಾಫಿಗೆ ಯುರೋಪಿನ ವ್ಯಾಪಾರಿಗಳು ಬೆಳ್ಳಿಯನ್ನೇ ಸುರಿಯಬೇಕಿತ್ತು. ಅಲ್ಲಿಯವರಿಗೆ ಈ ಮುಖ ಗೊತ್ತು, ತೂಕವೂ ಗೊತ್ತು: 28 ಗ್ರಾಂ ಚಿಲ್ಲರೆ, ನಮ್ಮ ಹಳೇ ಬೆಳ್ಳಿ ರೂಪಾಯಿಯ ಹತ್ತಿರ ಹತ್ತಿರ ಎರಡೂವರೆ ಪಟ್ಟು. ರಾಣಿಯ ಭುಜದ ಪದಕದಲ್ಲಿರುವ ಮುತ್ತುಗಳನ್ನು ಬೆರಳಿಟ್ಟು ಎಣಿಸಿಯೇ ನಾಣ್ಯ ತೆಗೆದುಕೊಳ್ಳುವವರಿದ್ದರು. ಒಂಬತ್ತು ಮುತ್ತು ಕಾಣಬೇಕು. ಸವೆದಿದ್ದರೆ ಬೇಡ. ಇಂಥ ಗಿರಾಕಿಗಳ ಮುಂದೆ ಹೊಸ ರಾಜನ ಮುಖ ಇಡುವ ಧೈರ್ಯ ಯಾರಿಗಿದ್ದೀತು? ಆಕೆಯ ಮಗ ಎರಡನೇ ಜೋಸೆಫ್ ಕೂಡ ಹಳೇ ಅಚ್ಚನ್ನೇ ಮುಂದುವರಿಸಲು ಒಪ್ಪಿದ. ಆಸ್ಟ್ರಿಯಾದಲ್ಲೇ 1858ರಲ್ಲಿ ಇದರ ಚಲಾವಣೆ ನಿಂತರೂ ಕೆಂಪು ಸಮುದ್ರದ ದಡದಲ್ಲಿ ಇದು ಸಲೀಸಾಗಿ ಓಡಿತು. ಇಥಿಯೋಪಿಯಾದವರು ಇದನ್ನು ಬಿರ್, ಅಂದರೆ ಬೆಳ್ಳಿ, ಎಂದೇ ಕರೆದರು. ಅವರ ಇವತ್ತಿನ ದುಡ್ಡಿನ ಹೆಸರೂ ಅದೇ.

1935ರಲ್ಲಿ ಇಥಿಯೋಪಿಯಾದ ಮೇಲೆ ಕಣ್ಣಿಟ್ಟಿದ್ದ ಇಟಲಿಯ ಸರ್ವಾಧಿಕಾರಿ ಮುಸೊಲಿನಿ ಇದರ ಅಚ್ಚುಗಳನ್ನು ಆಸ್ಟ್ರಿಯಾದಿಂದ ರೋಮ್‌ಗೆ ತರಿಸಿಕೊಂಡ. ಗುಂಡು ಮದ್ದಿನಷ್ಟೇ ಅಗತ್ಯ ಈ ನಾಣ್ಯದ್ದೂ ಇತ್ತು! ಆಮೇಲೆ ಲಂಡನ್, ಪ್ಯಾರಿಸ್, ಬ್ರಸೆಲ್ಸ್‌ಗಳಲ್ಲೂ ಇದೇ 1780 ಹುಟ್ಟತೊಡಗಿತು. ಯುದ್ಧಕಾಲದಲ್ಲಿ, 1940-41ರಲ್ಲಿ, ಬ್ರಿಟಿಷರು ನಮ್ಮ ಬಾಂಬೆ ಟಂಕಸಾಲೆಯಲ್ಲೂ ಇದನ್ನು ಹೊಡೆಸಿದರು.

ಹಾಗಾದರೆ ನಿಮ್ಮದು ಯಾವ ಊರಿನದು ಎಂಬುದು ಎರಡನೇ ಪ್ರಶ್ನೆ. ಮುತ್ತಿನ ಆಕಾರ, ಹಿಂಬದಿಯ ಹದ್ದಿನ ಬಾಲದ ಗರಿ, ಇಂಥ ಸಣ್ಣಪುಟ್ಟ ವ್ಯತ್ಯಾಸಗಳಲ್ಲಿ ಅದರ ಗುಟ್ಟಿದೆ. ನನ್ನದು ಬಾಂಬೆಯದ್ದಾಗಿರಲಿ ಎಂದು ಸುಮ್ನೆ ಒಂದು ಆಸೆ. ಭಾನುವಾರ ಭೂತಗನ್ನಡಿ ಹಿಡಿದು ಕೂತರೆ ಮನೆಯವರು ಕೇಳುತ್ತಾರೆ, “ಇನ್ನೂ ಎಷ್ಟು ಗರಿ ಬಾಕಿ?”