ಇಲ್ಲ, ನಾನು ದಿನವಿಡೀ ಅಲ್ಲೇ ಕೂತಿರುವುದಿಲ್ಲ

"ನಿನಗೆ ಇದೆಲ್ಲ ಹೇಗೆ ಗೊತ್ತಾಗುತ್ತೆ? ದಿನವಿಡೀ ಅಲ್ಲೇ ಇರ್ತೀಯಾ?"

ಯಾವುದಾದರೂ ಆನ್‌ಲೈನ್ ಸಮುದಾಯದಲ್ಲಿ ನಡೆದ ಚರ್ಚೆಯ ವಿಷಯ ಎತ್ತಿದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಆರ್‌ಎಸ್‌ಎಸ್ ಫೀಡ್‌ನಿಂದ, ಅಂದರೆ ಜಾಲತಾಣವೊಂದು ತನ್ನ ಹೊಸ ಬರಹಗಳನ್ನು ತಾನೇ ಪಟ್ಟಿ ಮಾಡಿಡುವ ಕಡತದಿಂದ, ಗೊತ್ತಾಯಿತು ಎಂದರೆ ಎರಡನೆಯ ಪ್ರಶ್ನೆ: "ಅದು ಇನ್ನೂ ಇದೆಯಾ?" ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲು ಆ "ಇನ್ನೂ". ನನಗೆ ಸಿಟ್ಟು ಬರುವುದು ಅದೊಂದು ಪದಕ್ಕೆ. ಒಮ್ಮೆ ಸಹೋದ್ಯೋಗಿಯೊಬ್ಬರು ಕಿವಿಯಿಂದ ಇಯರ್‌ಫೋನ್ ತೆಗೆದು, "ಆರ್‌ಎಸ್‌ಎಸ್ ಸತ್ತು ಎಷ್ಟೋ ವರ್ಷ ಆಯ್ತಲ್ವಾ?" ಎಂದರು. ಏನು ಕೇಳ್ತಿದ್ದೀರಿ ಎಂದೆ. ಪಾಡ್‌ಕಾಸ್ಟ್ ಅಂತೆ. ಹೊಸ ಕಂತು ಬಂದಿದೆ ಎಂದು ಅವರ ಆಪ್‌ಗೆ ತಿಳಿಸುವುದು ಆರ್‌ಎಸ್‌ಎಸ್ ಫೀಡೇ! ಹಾಗಂದಾಗ ಅವರು ಇಯರ್‌ಫೋನನ್ನೇ ಒಂದು ಸಲ ನೋಡಿದರು. ನಿಂತುಹೋದದ್ದು ಗೂಗಲ್ ರೀಡರ್, 2013ರ ಜುಲೈ 1ರಂದು. ಅದು ಫೀಡ್ ಓದುವ ಒಂದು ಸಾಧನ, ಅಷ್ಟೆ. ಒಬ್ಬ ಅಂಚೆಯಣ್ಣ ಕೆಲಸ ಬಿಟ್ಟರೆ ಜನ ಕಾಗದ ಬರೆಯುವುದು ನಿಲ್ಲುತ್ತದಾ? ಆರ್‌ಎಸ್‌ಎಸ್ ಹುಟ್ಟಿದ್ದು 1999ರಲ್ಲಿ, ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿಯಲ್ಲಿ. 2002ರಲ್ಲಿ ಬಂದ 2.0 ಆವೃತ್ತಿಯೇ ಇವತ್ತಿಗೂ ಬಳಕೆಯಲ್ಲಿದೆ.

ಇನ್ನು "ದಿನವಿಡೀ". ಅಲ್ಲಿಗೆ ಪದೇ ಪದೇ ಹೋಗಬಾರದು ಎಂದೇ ನಾನು ಫೀಡ್ ಇಟ್ಟುಕೊಂಡಿರುವುದು. ನನ್ನ ಪರವಾಗಿ ಫೀಡ್ ರೀಡರ್ ಗಂಟೆಗೊಮ್ಮೆ ಹೋಗಿ "ಹೊಸದೇನಾದರೂ ಇದೆಯಾ?" ಎಂದು ವಿಚಾರಿಸುತ್ತದೆ. ಏನೂ ಇಲ್ಲದಿದ್ದರೆ ಆ ಕಡೆಯ ಸರ್ವರ್ 304 ಎಂಬ ಮೂರಂಕಿಯ ಉತ್ತರ ಕೊಟ್ಟು ಸುಮ್ಮನಾಗುತ್ತದೆ. "ನೀನು ನೋಡಿ ಹೋದ ಮೇಲೆ ಏನೂ ಬದಲಾಗಿಲ್ಲ" ಎಂದು ಅದರ ಅರ್ಥ. ಹೊಸದಿದ್ದರೆ ಶೀರ್ಷಿಕೆ, ಬರೆದವರ ಹೆಸರು, ಸಮಯ, ಪಠ್ಯ ಬರುತ್ತವೆ. ಒಂದೊಂದಕ್ಕೂ ಒಂದು ಗುರುತು ಇರುವುದರಿಂದ ಓದಿದ್ದೇ ಮತ್ತೆ ಎದುರಿಗೆ ಬರುವುದಿಲ್ಲ. ನಾನು ಬೆಳಿಗ್ಗೆ ಇಪ್ಪತ್ತು ನಿಮಿಷ ಓದುತ್ತೇನೆ. ಮುಗಿಯಿತು. ನಿಜವಾಗಿಯೂ ಮುಗಿಯುತ್ತದೆ, ಪಟ್ಟಿಗೆ ಒಂದು ತಳ ಇದೆ.

ಎಲ್ಲಿ ಸಿಗುತ್ತದೆ ಅಂತೀರಾ? ಡಿಸ್ಕೋರ್ಸ್ ತಂತ್ರಾಂಶದಲ್ಲಿ ನಡೆಯುವ ಚರ್ಚೆಯಾದರೆ ಅದರ ವಿಳಾಸದ ಕೊನೆಗೆ ಚುಕ್ಕಿ ಇಟ್ಟು ಇಂಗ್ಲಿಷಿನ rss ಎಂಬ ಮೂರು ಅಕ್ಷರ ಸೇರಿಸಿ. ರೆಡ್ಡಿಟ್‌ಗೂ ಇದೇ ಉಪಾಯ. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣವಾದ ಸ್ಟಾಕ್ ಓವರ್‌ಫ್ಲೋದಲ್ಲಿ ಒಂದೊಂದು ಟ್ಯಾಗ್‌ಗೂ, ಅಂದರೆ ವಿಷಯದ ಹಣೆಪಟ್ಟಿಗೂ, ಫೀಡ್ ಇದೆ, ಒಂದೊಂದು ಪ್ರಶ್ನೆಗೂ ಇದೆ. ವಿಕಿಪೀಡಿಯದ ಚರ್ಚೆ ಪುಟಗಳಿಗೆ ಬದಲಾವಣೆಗಳ ಇತಿಹಾಸದ ಫೀಡ್ ಇದೆ. ಅದು ಆಟಮ್ ಎಂಬ ಇನ್ನೊಂದು ರೂಪದ್ದು, ಆದರೆ ರೀಡರ್‌ಗೆ ಎರಡೂ ಒಂದೇ.

ತಪ್ಪೂ ಮಾಡಿದ್ದೇನೆ. ಮೊದಲು ದೊಡ್ಡ ದೊಡ್ಡ ಸಮುದಾಯಗಳ ಪೂರ್ತಿ ಫೀಡ್ ಹಾಕಿಕೊಂಡಿದ್ದೆ. ಸಾವಿರಗಟ್ಟಲೆ ಬಂದು ಬಿದ್ದವು, ಒಂದು ವಾರದಲ್ಲಿ ಕೈ ಚೆಲ್ಲಿದೆ. ಇನ್ನೊಮ್ಮೆ ಮೂರು ವಾರ ಲ್ಯಾಪ್‌ಟಾಪ್ ಮುಚ್ಚಿಟ್ಟಿದ್ದೆ. ರೀಡರ್ ಇದ್ದದ್ದು ಅದರೊಳಗೇ. ಫೀಡ್‌ನಲ್ಲಿ ಸಾಮಾನ್ಯವಾಗಿ ಇತ್ತೀಚಿನ ಕೆಲವು ಬರಹಗಳಷ್ಟೇ ಇರುತ್ತವೆ, ಹಳೆಯವು ಉದುರಿಹೋಗುತ್ತವೆ. ವಾಪಸ್ ಬಂದು ನೋಡಿದರೆ ನಡುವಿನ ಮಾತುಕತೆ ಮಾಯ. ಈಗ ನನ್ನ ರೀಡರ್ ಸದಾ ಆನ್ ಇರುವ ಒಂದು ಸರ್ವರ್‌ನಲ್ಲಿದೆ. ದೊಡ್ಡ ಫೀಡ್‌ಗಳು ಹೋದವು. ಉಳಿದಿರುವುದು ಒಂದಷ್ಟು ಟ್ಯಾಗ್‌ಗಳು, ಬಿಡಿ ಬಿಡಿ ಚರ್ಚೆಗಳು.

ನನ್ನನ್ನು ಕೇಳಬೇಕಾದದ್ದು ಬೇರೆ. ಅದನ್ನು ಯಾರೂ ಕೇಳಿಲ್ಲ: "ಯಾರೂ ಮಾತಾಡದ ಕಡೆ ನೀನು ಯಾಕೆ ಕಿವಿಯಿಟ್ಟು ಕೂತಿರ್ತೀಯಾ?"

ನನ್ನ ಹತ್ತಿರ ಒಂದು ಹಳೆಯ ಸ್ಕ್ಯಾನರ್ ಇದೆ. ಸ್ಕ್ಯಾನ್ ಮಾಡಿದ ಚಿತ್ರದ ಬಲಗಡೆ ಒಂದು ಹಸಿರು ಗೆರೆ ಬೀಳುತ್ತಿತ್ತು. ಹುಡುಕಿದರೆ ಅದೇ ತೊಂದರೆ ಬರೆದವರು ಒಬ್ಬರೇ ಒಬ್ಬರು, ಅದಕ್ಕೆ ಉತ್ತರ ಸೊನ್ನೆ. "ನನಗೂ ಹೀಗೇ ಆಗ್ತಿದೆ" ಎಂದು ಕೆಳಗೆ ಬರೆದೆ, ಆ ಒಂದು ಚರ್ಚೆಯ ಫೀಡ್ ಸೇರಿಸಿಕೊಂಡು ಮರೆತೇಬಿಟ್ಟೆ. ಹದಿನಾಲ್ಕು ತಿಂಗಳು 304, 304, 304. ಒಂದು ಬೆಳಿಗ್ಗೆ ಪಟ್ಟಿಯಲ್ಲಿ ದಪ್ಪಕ್ಷರದ ಒಂದು ಸಾಲು. ಯಾರೋ ಮೂರನೆಯವರು ಬರೆದಿದ್ದರು: ಗಾಜಿನ ಅಡಿಯ ಬಿಳಿ ಪಟ್ಟಿಯ ಮೇಲೆ ಧೂಳಿರಬಹುದು, ಸ್ಕ್ಯಾನರ್ ಬಣ್ಣದ ಅಳತೆ ತೆಗೆದುಕೊಳ್ಳುವುದು ಅಲ್ಲಿಂದ, ಒರೆಸಿ ನೋಡಿ. ಒರೆಸಿದೆ. ಗೆರೆ ಹೋಯಿತು.

ಜನ ಜಾಸ್ತಿ ಸೇರಿದ್ದನ್ನು ಮೇಲೆ ತರುವ ಯಾವ ಪಟ್ಟಿಯೂ ಆ ಉತ್ತರವನ್ನು ನನಗೆ ತೋರಿಸುತ್ತಿರಲಿಲ್ಲ. ಅದಕ್ಕೆ ಒಂದೇ ಒಂದು ಮೆಚ್ಚುಗೆಯೂ ಬಿದ್ದಿರಲಿಲ್ಲ. ಫೀಡ್‌ಗೆ ಮೆಚ್ಚುಗೆ ಲೆಕ್ಕಕ್ಕಿಲ್ಲ. ಇನ್ನೂರು ಜನ ಜಗಳವಾಡುವ ಚರ್ಚೆಯ ಮಾತೂ ಅದರಲ್ಲಿ ಒಂದು ಸಾಲು, ಆ ಮೂರನೆಯವರ ಮಾತೂ ಒಂದು ಸಾಲು.

ಅವತ್ತಿನಿಂದ ಸ್ಕ್ಯಾನರ್ ಟ್ಯಾಗ್‌ನ ಫೀಡನ್ನೂ ಇಟ್ಟುಕೊಂಡಿದ್ದೇನೆ. ವಾರಕ್ಕೆ ಎರಡೋ ಮೂರೋ ಪ್ರಶ್ನೆ ಬರುತ್ತವೆ. ಹೆಚ್ಚಿನವರು ಹೊಸಬರು, ಮೊದಲ ಸಲ ಬರೆಯುವವರು. ಯಾರೂ ಉತ್ತರಿಸದಿದ್ದರೆ ಅವರು ಮತ್ತೆ ಈ ಕಡೆ ಬರುವುದಿಲ್ಲ. ಗೊತ್ತಿದ್ದಕ್ಕೆ ಉತ್ತರ ಬರೆಯುತ್ತೇನೆ. ಗೊತ್ತಿಲ್ಲದಿದ್ದರೆ "ಯಾವ ಮಾಡೆಲ್?" ಎಂದಾದರೂ ಕೇಳುತ್ತೇನೆ. ಇವತ್ತಿನ ಪಟ್ಟಿಯಲ್ಲಿ ಒಬ್ಬರು ಬರೆದಿದ್ದಾರೆ, ಅವರ ಚಿತ್ರದಲ್ಲಿ ಗೆರೆ ಎಡಗಡೆ ಬೀಳುತ್ತದಂತೆ.